ಹೊಟ್ಟೆ ಮುಟ್ಟದ ಹನುಮವ್ವ

ಬಾಯ್ನಾದ ಕಡಲದಂಡೆಯಲ್ಲಿ ಗುಡಿಸಲುಗಳಿದ್ದ ಕಾಲದಲ್ಲಿ ಹನುಮವ್ವನ ಕೈ ತಾಕದ ಹೊಟ್ಟೆ ಅಲ್ಲಿ ಕಡಿಮೆ. ಮುದ್ದೇಬಿಹಾಳದ ಕಡೆಯಿಂದ ಗಂಡನ ಜೊತೆ ಈ ಹೊರರಾಜ್ಯದ ಬಂದರಿಗೆ ಬಂದವಳು, ಗಂಡ ಸತ್ತ ಮೇಲೂ ಅಲ್ಲೇ ನಿಂತಳು. ಹಗಲೆಲ್ಲ ಮೀನಿನ ಬುಟ್ಟಿ ಹೊರುವುದು, ಬೆಳಗಿನ ಜಾವ ಬರಿಹೊಟ್ಟೆಯಲ್ಲಿ ಬಂದವರಿಗೆ ಬಟ್ಟಿ ತಿಕ್ಕುವುದು ಆಕೆಯ ಕೆಲಸ. ಭಾರ ಎತ್ತಿದವರಿಗೆ, ಎತ್ತರದಿಂದ ಹಾರಿದ ಮಕ್ಕಳಿಗೆ ಹೊಕ್ಕುಳಿನ ನಾಡಿ ಜಾಗ ಬಿಟ್ಟು ಸರಿಯುತ್ತದೆ, ಹೊಟ್ಟೆನೋವಿಗೂ ಭೇದಿಗೂ ಅದೇ ಮೂಲ ಎಂಬುದು ಆ ಜನರ ನಂಬಿಕೆ. ಅದನ್ನೇ ಬಟ್ಟಿ ಬಿತ್ತು ಎನ್ನುತ್ತಾರೆ. ಅಂಗಾತ ಮಲಗಿಸಿ, ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ನಾಡಿಯನ್ನು ನಡುವಿಗೆ ತರಬೇಕು. ಬಂದರಿನಲ್ಲಿ ಮೂಟೆ ಹೊರುವವರ ಕೇರಿಯಲ್ಲಿ ಈ ವಿದ್ಯೆಗೆ ಬಿಡುವಿರಲಿಲ್ಲ. ಇದಕ್ಕೆ ಹಣ ಮುಟ್ಟಬಾರದು ಎಂಬ ಕಟ್ಟಳೆಯಿತ್ತು. ಎಲೆಅಡಿಕೆ, ಹೆಚ್ಚೆಂದರೆ ಒಂದು ತೆಂಗಿನಕಾಯಿ. ಹಣದ ಬದಲು ಸಿಕ್ಕಿದ್ದು ಮರ್ಯಾದೆ, ಮತ್ತು ಆ ಮರ್ಯಾದೆಯನ್ನು ಹನುಮವ್ವ ಯಾವ ಸಂಕೋಚವೂ ಇಲ್ಲದೆ ಅನುಭವಿಸಿದಳು.

೨೦೦೪ರಲ್ಲಿ ಗುಡಿಸಲುಗಳು ನೆಲಸಮವಾದ ಮೇಲೆ ಆಕೆ, ಮಗ ದೇವು, ಸೊಸೆ ನೀಲವ್ವ, ಮೊಮ್ಮಗಳು ನಂದಾ ಝುವಾರಿನಗರದ ಗುಡ್ಡದ ಮೇಲೆ ತಗಡಿನ ಮನೆಯೊಂದಕ್ಕೆ ಬಂದರು. ಕೇರಿಯ ಅರ್ಧ ಜನ ಅಲ್ಲಿಗೇ ಬಂದದ್ದರಿಂದ ಹನುಮವ್ವನ ಹೆಸರೂ ಗುಡ್ಡ ಹತ್ತಿತು.

ಮರುವರ್ಷ, ಇನ್ನೂ ನಾಲ್ಕು ತುಂಬದ ನಂದಾ ಊಟ ಬಿಟ್ಟಳು. ಹೊಟ್ಟೆಯ ಎಡಭಾಗ ತುಂಬಿಕೊಂಡಂತೆ ಕಾಣುತ್ತಿತ್ತು. ಬಟ್ಟಿ ಬಿದ್ದದ ಎಂದು ಹನುಮವ್ವ ತೀರ್ಮಾನ ಕೊಟ್ಟಳು, ಕೇರಿಯಲ್ಲಿ ಅದಕ್ಕೆ ಮೇಲ್ಮನವಿ ಇರಲಿಲ್ಲ. ಮೂರು ನಾಲ್ಕು ಬೆಳಗು ತಿಕ್ಕಿದಳು. ಬೆರಳಿಗೆ ಗಟ್ಟಿಯಾದದ್ದೇನೋ ಸಿಕ್ಕಿತು. ವಾಯುವಿನ ಗಂಟು ಎಂದುಕೊಂಡು ಇನ್ನಷ್ಟು ಜೋರಾಗಿ ಒತ್ತಿದಳು. ಆಮೇಲೊಂದು ದಿನ ಮಗುವಿನ ಮೂತ್ರ ಕೆಂಪಗೆ ಹೋಯಿತು.

ನೀಲವ್ವ ಅತ್ತೆಗೆ ಎದುರು ಮಾತಾಡಿದವಳಲ್ಲ. ಆ ದಿನ ಮಗುವನ್ನು ಸೊಂಟಕ್ಕೇರಿಸಿಕೊಂಡು ಚಪ್ಪಲಿ ಮೆಟ್ಟಿದಳು.

"ಅತ್ತಿ, ನಾ ದವಾಖಾನಿಗೆ ಹೊಂಟೆ. ಬಂದ್ರ ಬರ್ರಿ, ಇಲ್ಲಂದ್ರ ಬಿಡ್ರಿ."

ಹನುಮವ್ವ ಹಿಂದೆಯೇ ಹೋದಳು.

ಬಾಂಬೋಳಿಯ ದೊಡ್ಡಾಸ್ಪತ್ರೆಯಲ್ಲಿ ಧಾರವಾಡದ ಡಾಕ್ಟರೊಬ್ಬರಿದ್ದರು, ಶ್ರೀರಂಜನಿ ಎಂದು ಹೆಸರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅತ್ತೆ ಸೊಸೆಯರನ್ನು ಕೂಡಿಸಿಕೊಂಡು ಕನ್ನಡದಲ್ಲಿ ಬಿಡಿಸಿ ಹೇಳಿದರು. ಎಡಗಡೆಯ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ಸಣ್ಣ ಮಕ್ಕಳಿಗೇ ಬರುವ ಜಾತಿಯದು, ಸರಿಯಾಗಿ ಔಷಧ ಮಾಡಿದರೆ ಹೆಚ್ಚಿನ ಮಕ್ಕಳು ಉಳಿಯುತ್ತಾರೆ. ಮೊದಲು ಕೆಲವು ವಾರ ಇಂಜೆಕ್ಷನ್ ಕೊಟ್ಟು ಗಡ್ಡೆಯನ್ನು ಕುಗ್ಗಿಸಬೇಕು, ಆಮೇಲೆ ಆಪರೇಷನ್. ವಾರ ತಪ್ಪಬಾರದು. ಪ್ರತಿ ಸಲವೂ ಮೊದಲು ರಕ್ತ ನೋಡಿ, ರೋಗ ತಡೆಯುವ ಬಿಳಿ ಕಣಗಳು ಸಾಕಷ್ಟಿದ್ದರೆ ಮಾತ್ರ ಸೂಜಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊಟ್ಟೆಯನ್ನು ಯಾರೂ ಒತ್ತಕೂಡದು. ಗಡ್ಡೆ ಒಂದು ತೆಳು ಚೀಲದೊಳಗಿದೆ. ಚೀಲ ಹರಿದರೆ ಒಳಗಿನದು ಹೊಟ್ಟೆಯೆಲ್ಲ ಹರಡುತ್ತದೆ.

ಹನುಮವ್ವ ತನ್ನ ಎರಡೂ ಕೈಗಳನ್ನು ಸೆರಗಿನಡಿ ಸೇರಿಸಿಕೊಂಡಳು.

"ನಾ ತಿಕ್ಕೀನ್ರಿ. ಹರದಿರಬೇಕೇನ್ರಿ?"

"ತಗದು ನೋಡಿದಾಗ ಗೊತ್ತಾಗ್ತದ, ಅಜ್ಜಿ. ಈಗೇನರೇ ಹೇಳಿದ್ರ ಸುಳ್ಳ ಹೇಳಿಧಂಗ ಆಗ್ತದ."

ಸಮಾಧಾನ ಹೇಳದ ಈ ಡಾಕ್ಟರ ಮೇಲೆ ಹನುಮವ್ವನಿಗೆ ಆ ಕ್ಷಣವೇ ಭರವಸೆ ಬಂತು. ಬಸ್ಸಿನಲ್ಲಿ ಮನೆಗೆ ಬರುವಾಗ ಒಂದೇ ನಿಶ್ಚಯ ಮಾಡಿದಳು: ಆಪರೇಷನ್ನಿನ ಮೇಜಿನವರೆಗೆ ಈ ಹೊಟ್ಟೆಗೆ ಇನ್ನೊಂದು ಬೆರಳು ತಾಕಬಾರದು, ಒಂದು ವಾರವೂ ತಪ್ಪಬಾರದು. ಆದದ್ದನ್ನು ಕುರಿತು ಅಳಲು ಆಕೆಗೆ ಪುರುಸೊತ್ತಿರಲಿಲ್ಲ.

ಹೇಳುವುದು ಸುಲಭ. ಗುಡ್ಡದ ಮೇಲೆ ಮನೆಗೆ ಮನೆ ಅಂಟಿಕೊಂಡಿದೆ, ಮಗುವಿಗೆ ಹುಷಾರಿಲ್ಲ ಎಂದರೆ ನೋಡಲು ಬರದಿರುವುದು ಅಪಚಾರ, ಬಂದವರು ಹೊಟ್ಟೆ ಮುಟ್ಟಿ ನೋಡದೆ ಹೋಗುವುದಿಲ್ಲ. ಪಕ್ಕದ ಮನೆಯ ಚಂದ್ರಿಬಾಯಿಯಂತೂ ಹನುಮವ್ವನಿಂದಲೇ ಬಟ್ಟಿ ತಿಕ್ಕುವುದನ್ನು ಕಲಿತವಳು. ಗುರುವಿನ ಮನೆಯಲ್ಲಿ ಕೈ ತೋರಿಸುವ ಅವಕಾಶ ಬಂತೆಂದು ಎಣ್ಣೆಯ ಬಟ್ಟಲು ಹಿಡಿದೇ ಬಂದಳು. ಹನುಮವ್ವ ಬಾಗಿಲಲ್ಲೇ ತಡೆದು ಕಳಿಸಿದಳು. ಮನೆಯೊಳಗೂ ತೊಂದರೆ. ಮಗು ನರಳಿದಾಗ ದೇವು ತಾಯಿಯನ್ನೇ ಹಂಗಿಸಿದ.

"ಊರ ಮಂದಿ ಹೊಟ್ಟಿ ಎಲ್ಲಾ ತಿಕ್ಕಿದಿ. ಮನಿ ಕೂಸಿಗೆ ಒಮ್ಮೆ ಮೆತ್ತಗ ಕೈ ಆಡ್ಸಾಕ ಏನ ಧಾಡಿ?"

"ಆಡಿಸಿದ್ದ ಸಾಕಾಗೇತಿ. ಕೂಸಿನ ಅಂಗಿ ಎತ್ತಿದವ್ರ ಕೈ ಮುರೀತೀನಿ. ನೀ ಆದ್ರೂ ಅಷ್ಟ."

ಎರಡನೆಯ ಇಂಜೆಕ್ಷನ್ ಆದ ಮೇಲೆ ಬಿಳಿ ಕಣಗಳು ತೀರ ಇಳಿದವು. ಅವು ಏರುವ ತನಕ ಮಗುವನ್ನು ಜನರಿಂದ ದೂರ ಇಡಿ, ಒಂದು ಸಾಮಾನ್ಯ ನೆಗಡಿಯೂ ಈಗ ಅಪಾಯ ಎಂದರು ಡಾಕ್ಟರು. ಕ್ಯಾನ್ಸರ್ ಎಂಬ ಮಾತನ್ನು ಹನುಮವ್ವ ಹೊರಗೆ ಹೇಳಿರಲಿಲ್ಲ. ಹೇಳದೆ ಜನರನ್ನು ತಡೆಯುವ ಉಪಾಯವೊಂದನ್ನು ಹುಡುಕಿದಳು. ಬೇವಿನ ಗಿಡದ ಟೊಂಗೆ ಮುರಿದು ತಂದು ಬಾಗಿಲಿಗೆ ಕಟ್ಟಿದಳು.

ಬಾಗಿಲಲ್ಲಿ ಬೇವಿನ ಸೊಪ್ಪು ಕಂಡರೆ ಮನೆಯಲ್ಲಿ ಯಾರಿಗೋ ಅಮ್ಮ ಬಂದಿದ್ದಾಳೆ, ಮೈಮೇಲೆ ಗುಳ್ಳೆ ಎದ್ದಿವೆ ಎಂದು ಅರ್ಥ. ಯಾರೂ ಹೊಸ್ತಿಲು ದಾಟುವುದಿಲ್ಲ. ನೀಲವ್ವ ಹೆದರಿದಳು, ದೇವಿಯ ಹೆಸರಿನಲ್ಲಿ ಸುಳ್ಳು ಹೇಳಿದರೆ ಕೇಡಾದೀತು ಎಂದಳು.

"ಸುಳ್ಳು ಬಾಗಲದಾಗ ಐತಿ. ನನ್ನ ಬಾಯಾಗ ಇಲ್ಲ" ಎಂದಳು ಹನುಮವ್ವ.

ಬೇವು ಚೆನ್ನಾಗಿ ಕೆಲಸ ಮಾಡಿತು. ಮನೆ ತಣ್ಣಗಾಯಿತು. ಚಂದ್ರಿಬಾಯಿ ದೂರದಿಂದಲೇ ಕೈ ಮುಗಿದು ನೀರಿಗೆ ಹೋಗುತ್ತಿದ್ದಳು. ಆದರೆ ಆ ಕಟ್ಟಳೆಗೆ ಇನ್ನೊಂದು ಅರ್ಧ ಇತ್ತು, ಅದನ್ನು ಹನುಮವ್ವ ಮರೆತಿದ್ದಳು. ಅಮ್ಮ ಕೂತ ಮಗುವನ್ನು ಅವಳು ಇಳಿದು ಹೋಗುವ ತನಕ ಹೊರಗೆ ಒಯ್ಯಬಾರದು, ಸೂಜಿ ಚುಚ್ಚಿಸಬಾರದು. ಚುಚ್ಚಿಸಿದರೆ ಆಕೆ ಮುನಿದು ಕೇರಿಯ ಮಕ್ಕಳ ಮೇಲೆ ತಿರುಗುತ್ತಾಳೆ.

ಇಂಜೆಕ್ಷನ್ನಿನ ದಿನ ಬೆಳಗ್ಗೆ ಮಗುವಿನ ತಲೆಗೆ ಸೆರಗು ಮುಚ್ಚಿ ಅತ್ತೆ ಸೊಸೆ ಹೊರಟಾಗ, ಇಳಿಜಾರಿನ ಮೆಟ್ಟಿಲ ಬಳಿ ಚಂದ್ರಿಬಾಯಿ ಅಡ್ಡ ನಿಂತಿದ್ದಳು. ಹಿಂದೆ ಕೇರಿಯ ಹೆಂಗಸರು, ಅವರ ಜೊತೆ ಕೇರಿಯ ಹಿರಿಯ ಪರಮಣ್ಣ.

"ಅಮ್ಮನ್ನ ಮನ್ಯಾಗ ಕುಂದರಿಸಿ ಕೂಸಿನ್ನ ಸೂಜಿಗೆ ಒಯ್ಯಾಕತ್ತಿಯೇನು? ನಾಳೆ ನನ್ನ ಮೊಮ್ಮಕ್ಕಳ ಮೈಮ್ಯಾಲ ಎದ್ರ ನೀ ಬಂದು ಇಳಸ್ತಿಯೇನ?"

ಪರಮಣ್ಣ ಮೆತ್ತಗೆ ಮಾತಾಡುವವನು. ಅಕ್ಕಾ ಎಂದೇ ಕರೆದು, ಗುಳ್ಳೆ ಒಣಗಿ ಅಮ್ಮನಿಗೆ ನೀರು ಹಾಕುವ ತನಕ ತಡೆಯಿರಿ, ಆಮೇಲೆ ಯಾವ ದವಾಖಾನೆಗಾದರೂ ಹೋಗಿ, ನಾನೇ ರಿಕ್ಷಾ ತರುತ್ತೇನೆ ಎಂದ. ಅವರ ಮಾತಿನಲ್ಲಿ ದುಷ್ಟತನವಿರಲಿಲ್ಲ. ಬಾಯ್ನಾದಲ್ಲಿ ಹನುಮವ್ವನೇ ಹೀಗೆ ದಾರಿಗೆ ನಿಂತು ಯಾರ್ಯಾರನ್ನೋ ಹಿಂದೆ ಕಳಿಸಿದ್ದಳು. ಆದ್ದರಿಂದಲೇ ವಾದದಿಂದ ಇದು ಬಗೆಹರಿಯುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ತಡೆದರೆ ವಾರ ತಪ್ಪುತ್ತದೆ, ಗಡ್ಡೆಗೆ ಅಷ್ಟು ಕಾಲ ಸಿಗುತ್ತದೆ.

ಮಗುವನ್ನು ನೀಲವ್ವನ ಕೈಗೆ ಕೊಟ್ಟು ಮನೆಯ ಕಡೆ ತಿರುಗಿದಳು. ಮಾತು ಕೇಳಿದಳೆಂದು ಹೆಂಗಸರು ನಿರಾಳವಾದರು. ಹನುಮವ್ವ ಬಾಗಿಲಿನ ಬೇವನ್ನು ಕಿತ್ತು ತಂದು ಎಲ್ಲರ ಮುಂದೆ ನೆಲಕ್ಕೆ ಹಾಕಿದಳು.

"ಅಮ್ಮ ಬಂದಿಲ್ಲ. ಇದನ್ನ ಕಟ್ಟಿದಾಕಿ ನಾನು. ಕೂಸಿಗೆ ಕ್ಯಾನ್ಸರ್ ಐತಿ, ಕಿಡ್ನಿಯೊಳಗ. ಬಟ್ಟಿ ಅಂತ ತಿಳದು ನಾ ಅದನ್ನ ತಿಕ್ಕೀನಿ. ಈಗ ದಾರಿ ಬಿಡ್ರಿ, ಬಸ್ಸಿನ ಹೊತ್ತಾತು."

ಕ್ಯಾನ್ಸರ್ ಎಂಬ ಮಾತಿಗೆ ಬೇವಿಗಿಂತ ಹೆಚ್ಚು ಶಕ್ತಿಯಿತ್ತು. ಹೆಂಗಸರು ಸೆರಗು ಎಳೆದುಕೊಂಡು ಹಿಂದೆ ಸರಿದರು.

"ದೇವರ ಹೆಸರಿಲೆ ಮೋಸ ಮಾಡಿದಿ" ಎಂದಳು ಚಂದ್ರಿಬಾಯಿ.

"ಮಾಡೀನಿ. ಅಮ್ಮ ಕೇಳಿದ್ರ ನನ್ನ ಕೇಳ್ತಾಳ, ಕೂಸಿನ್ನಲ್ಲ."

ಬಸ್ಸು ಸಿಕ್ಕಿತು. ಆ ದಿನದಿಂದ ಬಟ್ಟಿ ತಿಕ್ಕಿಸಲು ಒಬ್ಬರೂ ಬರಲಿಲ್ಲ, ನಳದ ಬಳಿ ಆಕೆಯ ಕೊಡವನ್ನು ಬೇರೆ ಇಡಿಸಿದರು. ಅಷ್ಟು ವರ್ಷದ ಮರ್ಯಾದೆ ಒಂದು ಬೆಳಗಿನಲ್ಲಿ ಹೋಯಿತು. ಹನುಮವ್ವ ಅದನ್ನು ಲಾಭದ ಕಡೆಯೇ ಸೇರಿಸಿದಳು: ಮನೆಗೆ ಜನ ಬರುವುದು ನಿಂತಿತಲ್ಲ.

ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ ಎಡಗಡೆಯ ಮೂತ್ರಪಿಂಡವನ್ನೂ ತೆಗೆದರು. ಸಂಜೆ ಶ್ರೀರಂಜನಿ ಹೊರಗೆ ಬಂದಾಗ ಹನುಮವ್ವ ಎದ್ದು ನಿಂತು ಕೇಳಿದ್ದು ಒಂದೇ.

"ಚೀಲ?"

"ಒಂದು ಕಡೆ ಸಣ್ಣ ಬಿರುಕದ, ಅಜ್ಜಿ. ಹಳೇದು."

"ನನ್ನ ಕೈಯಿಂದನ?"

"ತಾನಾಗೂ ಬಿರೀತದ, ಒತ್ತಿದ್ರೂ ಬಿರೀತದ. ಯಾವುದಂತ ಯಾರಿಗೂ ಹೇಳ್ಲಿಕ್ಕೆ ಆಗೂದಿಲ್ಲ."

ಹನುಮವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, ಹಂಗಾರ ಮುಂದಿನದ ಹೇಳ್ರಿ, ಎಂದಳು.

ಮುಂದಿನದು ದೊಡ್ಡದಿತ್ತು. ಬಿರುಕಿನ ದೆಸೆಯಿಂದ ಔಷಧದ ಅವಧಿ ಬೆಳೆಯಿತು, ಮೇಲೆ ಮುಂಬಯಿಗೆ ಹೋಗಿ ಹೊಟ್ಟೆಗೆ ಕರೆಂಟು, ಎಂದರೆ ವಿಕಿರಣ, ಕೊಡಿಸಬೇಕಾಯಿತು. ಬಸುರಿಯಾಗಿದ್ದ ನೀಲವ್ವನನ್ನು ಬಿಟ್ಟು ಹನುಮವ್ವನೇ ಹೋದಳು. ಧರ್ಮಶಾಲೆಯ ಮೂಲೆಯಲ್ಲಿ ಚಾಪೆ ಹಾಸಿ, ಮಗುವಿಗೆ ಗಂಜಿ ಕುಡಿಸಿ, ವಾಂತಿ ಬಳಿದು, ಮತ್ತೆ ಗಂಜಿ ಕುಡಿಸಿದಳು. ಹಿಂದಿಯನ್ನು ಜಗಳಕ್ಕೆ ಬೇಕಾಗುವಷ್ಟು ಕಲಿತಳು. ನಂದಾ ಕೂದಲಿಲ್ಲದ ತಲೆ ಹೊತ್ತು ಗುಡ್ಡಕ್ಕೆ ಮರಳಿದಾಗ, ಪರಮಣ್ಣ ಯಾರೂ ಕರೆಯದೆ ರಿಕ್ಷಾ ತಂದಿದ್ದ.

ವರ್ಷಗಳ ಮೇಲೆ ಹೆಂಗಸರು ಮಕ್ಕಳನ್ನೆತ್ತಿಕೊಂಡು ಮತ್ತೆ ಬರತೊಡಗಿದರು. ಹನುಮವ್ವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರದಿಂದ ನೋಡುತ್ತಿದ್ದಳು. ಮೂತ್ರದ ಬಣ್ಣ ಕೇಳುತ್ತಿದ್ದಳು. ಸಂಶಯವಿರಲಿ ಇಲ್ಲದಿರಲಿ, ಬಾಂಬೋಳಿಯ ಬಸ್ಸು ತೋರಿಸುತ್ತಿದ್ದಳು. ಕಡೆಗೆ ಚಂದ್ರಿಬಾಯಿಯೂ ಮೊಮ್ಮಗನನ್ನು ತಂದಳು. ಹನುಮವ್ವ ಮುಟ್ಟದೆ ಅವರಿಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಳು. ಇಡೀ ದಿನ ಸಾಲಿನಲ್ಲಿ ನಿಂತ ಮೇಲೆ ತಿಳಿದದ್ದು, ಹುಡುಗನ ಹೊಟ್ಟೆಯಲ್ಲಿ ಜಂತು. ಜಂತಿಗೆ ಬಾಂಬೋಳಿ ತೋರಿಸಿದಾಕಿ ಎಂದು ಚಂದ್ರಿಬಾಯಿ ಇಂದಿಗೂ ಆಡಿಕೊಳ್ಳುತ್ತಾಳೆ.

೨೦೧೨ರ ಚಳಿಗಾಲದಲ್ಲಿ ಶಾಲೆಯ ಓಟಕ್ಕೆ ನಂದಾ ಹೆಸರು ಕೊಟ್ಟಳು. ಒಂದೇ ಮೂತ್ರಪಿಂಡದವಳು ಓಡಬಹುದೇ ಎಂದು ಹನುಮವ್ವ ಶ್ರೀರಂಜನಿಯವರನ್ನೇ ಕೇಳಿ ಬಂದಳು. ಧಾರಾಳವಾಗಿ ಓಡಲಿ, ಪಕ್ಕೆಗೆ ಪೆಟ್ಟು ಬೀಳದಂತೆ ನೋಡಿ, ನೀರು ಕುಡಿಸಿ ಎಂದರು ಅವರು. ಮಾತಿನ ಭರದಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಿದರು. ಮೈಮುರಿದು ಓಡಿದ ದೊಡ್ಡ ಆಟಗಾರರಿಗೂ ರೋಗ ತಡೆಯುವ ಶಕ್ತಿ ಕೆಲವು ತಾಸು ಇಳಿಯಬಹುದಂತೆ, ಅದರ ಗುರುತನ್ನು ಅವರ ಉಗುಳಿನಲ್ಲೇ ಹುಡುಕುತ್ತಾರಂತೆ. ಉಗುಳು ನೋಡಿ ತಿಳಿಯುವುದಾದರೆ ನಮ್ಮ ಕೂಸಿನ ರಕ್ತ ಅಷ್ಟ್ಯಾಕ ತಗದ್ರಿ ಎಂದು ಹನುಮವ್ವ ಕೇಳಿದಳು. ಡಾಕ್ಟರು ನಕ್ಕು, ಅದಿನ್ನೂ ಸಂಶೋಧನೆಯ ಮಾತು, ಶಾಲೆಯ ಓಟಕ್ಕೆ ಅದರ ಚಿಂತೆ ಬೇಡ ಎಂದರು. ಈ ಕೊನೆಯ ಮಾತನ್ನು ಹನುಮವ್ವ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಓಟದಲ್ಲಿ ನಂದಾ ಮೂರನೆಯವಳಾಗಿ ಬಂದಳು. ಗುಡ್ಡದ ಹೆಂಗಸರು ತಬ್ಬಿಕೊಳ್ಳಲು ಮುಂದೆ ನುಗ್ಗಿದರು. ಹನುಮವ್ವ ಬಿಸಿಲಿಗೆಂದು ತಂದ ಕೊಡೆಯನ್ನು ಮಡಚಿ ಅವರಿಗೆ ಅಡ್ಡ ಹಿಡಿದಳು.

"ದೂರ ನಿಂದರ್ರಿ. ಇನ್ನಾ ಉಗುಳು ಸರಿ ಆಗಿಲ್ಲ."

"ಮೂರನೇದಾಕಿ ಬಂದಾಳ" ಎಂದಳು ಚಂದ್ರಿಬಾಯಿ. "ಮೊದಲನೇದಾಕಿ ಬಂದಿದ್ರ ಬೇವು ಕಟ್ಟತಿದ್ದಿ ಕಾಣಸ್ತದ."

ಹನುಮವ್ವ ಕೊಡೆಯನ್ನು ಇಳಿಸಲಿಲ್ಲ. ಅದರ ಹಿಂದೆ ನಿಂತು ನಂದಾ ಏದುಸಿರು ಬಿಡುತ್ತಾ ನೀರು ಕುಡಿಯುತ್ತಿದ್ದಳು.