ಸಿದ್ದರಾಜು ಬಾರಿಸಿದ್ದು

ಕೊರೊನಾ ಕಳೆದ ಮರುವರ್ಷ. ಹಾಸನದ ಸಾಲಗಾಮೆ ರಸ್ತೆಯಲ್ಲಿದ್ದ ನನ್ನ ರೆಕಾರ್ಡಿಂಗ್ ಸ್ಟುಡಿಯೋಗೆ ಆಗ ಇಪ್ಪತ್ನಾಲ್ಕು ವರ್ಷ, ನನಗೆ ಐವತ್ತೇಳು. ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಮೈಕುಗಳು, ಇನ್ನೊಂದರಲ್ಲಿ ಕಂಪ್ಯೂಟರು ಮತ್ತು ನಾನು, ನಡುವೆ ಎರಡು ಪದರದ ಗಾಜು. ಬೋರ್ಡಿನ ಮೇಲೆ ಸೌಂಡ್ ಎಂಜಿನಿಯರ್ ಎಂದು ಬರೆಸಿದ್ದೆ. ಅಷ್ಟು ವರ್ಷ ನಾನು ಹೆಚ್ಚಾಗಿ ಮಾಡಿದ್ದು ಊರದೇವರ ಭಕ್ತಿಗೀತೆ, ಚುನಾವಣೆಗೆ ಆಟೋದಲ್ಲಿ ಕೂಗಿಸುವ ಪ್ರಚಾರ, ಜವಳಿ ಅಂಗಡಿಯ ಆಷಾಢದ ರಿಯಾಯಿತಿ ಘೋಷಣೆ. ಬಲಗಿವಿಯಲ್ಲಿ ಸಣ್ಣಗೆ ಗುಂಯ್ ಎನ್ನುವ ಸದ್ದು ಶುರುವಾಗಿತ್ತು. ಕೆಲಸ ಸಾಕೆನಿಸಿತ್ತು, ಬಿಡುವ ಧೈರ್ಯ ಇರಲಿಲ್ಲ.

ಆ ಜೂನ್‌ನಲ್ಲಿ ಹೊಳೆನರಸೀಪುರದಿಂದ ವಿನಯ್ ಎಂಬ ಯುವಕ ಬಂದ. ಮನೆತನದ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದವನು, ಹಾಡುವವನು, ಗಿಟಾರ್ ನುಡಿಸುವವನು. ಅವನದೊಂದು ಪಾಪ್ ರಾಕ್ ಬ್ಯಾಂಡ್ ಇತ್ತು. ಹೆಸರು ‘ಎಡದಂಡೆ’.

“ನಮ್ ಗೋಡೌನ್ ಪಕ್ದಲ್ಲೇ ಎಡದಂಡೆ ನಾಲೆ ಹೋಗದು ಸರ್. ಅಲ್ಲೇ ಪ್ರಾಕ್ಟೀಸ್ ಮಾಡದು. ಅದುಕ್ಕೇ ಆ ಹೆಸ್ರು,” ಎಂದ. ಏಳು ಹಾಡಿನ ಆಲ್ಬಮ್ ಮಾಡಬೇಕು, ನಮ್ಮ ಜಿಲ್ಲೆಯಲ್ಲೇ ಮಾಡಬೇಕು ಎಂಬುದು ಅವನ ಹಟ. ಹಾಡುಗಳನ್ನು ಬರೆದದ್ದು ಕೀಬೋರ್ಡ್ ನುಡಿಸುವ ಅನುಪಮಾ ಮೇಡಂ, ಅಲ್ಲಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ. ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಬಾರದ ಬಸ್ಸಿಗೆ ಕಾಯುವ ಹಾಡು, ಬಾಡಿಗೆ ಮನೆ ಹುಡುಕುವ ಹಾಡು, ಹೀಗೆ ಸುತ್ತಮುತ್ತ ಕಂಡದ್ದರ ಮೇಲೆಯೇ ಬರೆದಿದ್ದರು. ಬೇಸ್ ಗಿಟಾರಿನವನು ಒಬ್ಬನಿದ್ದ. ಅವನು ಮಾತಾಡಿದ್ದನ್ನು ನಾನು ಕೇಳಿದ ನೆನಪಿಲ್ಲ.

ನಾಲ್ಕನೆಯವನು ಡ್ರಮ್ಸ್ ಬಾರಿಸುವ ಸಿದ್ದರಾಜು. ಅರಕಲಗೂಡಿನವನು, ಮೂವತ್ತೊಂದು ವರ್ಷ. ಶುಂಠಿ ತೊಳೆಯುವ ಘಟಕದಲ್ಲಿ ಪಂಪು ನೋಡಿಕೊಳ್ಳುವ ಕೆಲಸ. ಮೊದಲ ಭಾನುವಾರ ಅವನ ಡ್ರಮ್ಸ್‌ಗೆ ಎಂಟು ಮೈಕು ಜೋಡಿಸಿ ಟೀ ಕುಡಿಯುತ್ತಿದ್ದಾಗ, ಬಾರಿಸುವುದನ್ನು ಎಲ್ಲಿ ಕಲಿತೆ ಎಂದು ಕೇಳಿದೆ.

“ನಮ್ಮಪ್ಪ ತಮಟೆ ಬಾರ್ಸರು ಸಾ. ಕರ್ದ್ ಕಡೀಕೆಲ್ಲಾ ಓಗ್ಲೇಬೇಕಿತ್ತು, ಸಾವ್ಗೂ ಸೈ, ಅಬ್ಬಕ್ಕೂ ಸೈ. ಒಂದಿನ ಗ್ವಾಡೆಗ್ ನೇತಾಕ್ಬುಟ್ಟು, ಇನ್ ಮುಟ್ಟಕಿಲ್ಲ ಅಂದ್ರು. ನಾನು ಡ್ರಮ್ಸ್ ತಂದಾಗ ಮೂರ್ ತಿಂಗ್ಳು ನನ್ನ ಮಾತಾಡ್ಸ್ನಿಲ್ಲ. ಆಮೇಕೆ ಬಂದು ಕುಂತ್ಕಂಡು ಕೇಳಿ, ‘ಇದು ಯಾರೂ ಕರೀದೆ ನೀನೇ ಬೇಕು ಅಂತ ಬಾರ್ಸದು ತಾನೆ? ಅಂಗಾರೆ ಬಾರ್ಸು’ ಅಂದ್ರು.”

ಇಲ್ಲಿ ಒಂದು ವಿಷಯ ವಿವರಿಸಬೇಕು. ಈಗಿನ ರೆಕಾರ್ಡಿಂಗ್‌ನಲ್ಲಿ ಎಲ್ಲರೂ ಒಟ್ಟಿಗೆ ನುಡಿಸುವುದಿಲ್ಲ. ಮೊದಲು ಡ್ರಮ್ಸ್, ಅದರ ಮೇಲೆ ಬೇಸ್, ಗಿಟಾರ್, ಕೀಬೋರ್ಡ್, ಕೊನೆಗೆ ದನಿ. ಎಲ್ಲವೂ ಒಂದೇ ಲಯದಲ್ಲಿ ಕೂರಬೇಕಾದರೆ ನುಡಿಸುವವರ ಕಿವಿಗೆ ಹೆಡ್‌ಫೋನ್‌ನಲ್ಲಿ ಗಡಿಯಾರದ ಹಾಗೆ ಒಂದು ಸದ್ದು ಬಿಡುತ್ತೇವೆ. ಅದಕ್ಕೆ ಕ್ಲಿಕ್ ಎನ್ನುತ್ತಾರೆ. ನಿಮಿಷಕ್ಕೆ ನೂರಾ ಹನ್ನೆರಡು ಎಂದರೆ ನೂರಾ ಹನ್ನೆರಡೇ.

ಸಿದ್ದರಾಜುಗೆ ಕ್ಲಿಕ್ ಒಗ್ಗಲಿಲ್ಲ. ಮೊದಲ ಹಾಡನ್ನೇ ಹದಿನಾಲ್ಕು ಬಾರಿ ಬಾರಿಸಿದ. ಚರಣದ ತನಕ ಸರಿ ಇರುತ್ತಿದ್ದವನು ಮತ್ತೆ ಪಲ್ಲವಿ ಹತ್ತಿರ ಬಂದ ಕೂಡಲೇ ಕ್ಲಿಕ್ ಬಿಟ್ಟು ಮುಂದಕ್ಕೆ ಹೋಗುತ್ತಿದ್ದ. ಹದಿನಾಲ್ಕನೆಯ ಬಾರಿ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಆಗಕಿಲ್ಲ ಸಾ. ಬೆನ್ನಿಂದೆ ಯಾರೋ ನಿಂತ್ಕಂಡು ಕೋಲ್ನಾಗೆ ತಿವಿದಂಗಾಯ್ತದೆ.”

ಅನುಭವಿ ಎಂಜಿನಿಯರ್ ಆದವನು ಅಲ್ಲಿ ಕ್ಲಿಕ್ ನಿಲ್ಲಿಸಿ, ನಾಲ್ವರನ್ನೂ ಒಟ್ಟಿಗೆ ಕೂರಿಸಿ, ಅವರು ಗೋಡೌನಿನಲ್ಲಿ ನುಡಿಸುವಂತೆಯೇ ನುಡಿಸಲು ಬಿಡಬೇಕಿತ್ತು. ಅನುಭವ ನನಗೂ ಇತ್ತು. ಆದರೆ ಹಾಗೆ ಮಾಡಲು ಮೈಕುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು, ಅರ್ಧ ದಿನದ ಕೆಲಸ. ನಾನು ಗಾಜಿನ ಈಚೆಯಿಂದ, “ಪರವಾಗಿಲ್ಲಪ್ಪ, ಹೇಗೆ ಬರುತ್ತೋ ಹಾಗೆ ಬಾರಿಸು, ಆಮೇಲೆ ನೋಡೋಣ,” ಎಂದೆ. ನನ್ನ ವೃತ್ತಿಯಲ್ಲಿ ‘ಆಮೇಲೆ ನೋಡೋಣ’ ಎಂದರೆ, ನಿಮಗೆ ತಿಳಿಯದ ಹಾಗೆ ಕಂಪ್ಯೂಟರಿನಲ್ಲಿ ತಿದ್ದುತ್ತೇನೆ ಎಂದರ್ಥ. ಅವನಿಗೆ ಆ ಅರ್ಥ ಗೊತ್ತಿರಲಿಲ್ಲ. ನಿರಾಳವಾಗಿ ನಕ್ಕು, ಏಳೂ ಹಾಡನ್ನು ಎರಡು ಭಾನುವಾರದಲ್ಲಿ ಮುಗಿಸಿದ. ಉಳಿದವರದು ಇನ್ನೆರಡು ಭಾನುವಾರ ಹಿಡಿಯಿತು.

ಮಿಕ್ಸಿಂಗ್, ಅಂದರೆ ಎಲ್ಲ ವಾದ್ಯಗಳನ್ನೂ ದನಿಯನ್ನೂ ಹದಕ್ಕೆ ಬೆರೆಸುವ ಕೆಲಸ, ಶುರು ಮಾಡಿದ ವಾರ ವಿನಯ್ ಒಬ್ಬನೇ ಬಂದ. ಪಕ್ಕದಲ್ಲಿ ಕೂತು ಎರಡು ಹಾಡು ಕೇಳಿದ.

“ಡ್ರಮ್ಸು ಅಲ್ಲಾಡ್ತಿದೆ ಅಲ್ವಾ ಸರ್?”

“ಅಲ್ಲಾಡ್ತಿದೆ.”

“ನೀವೇ ಸರಿ ಮಾಡ್ಬುಡಿ ಸರ್. ಅವ್ನಿಗೆ ಹೇಳದು ಬ್ಯಾಡ, ಬೇಜಾರ್ ಮಾಡ್ಕತಾನೆ. ಮೊದ್ಲೇ ಸೂಕ್ಷ್ಮದ ಮನುಷ್ಯ.”

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಗೆಳೆಯನ ಮನಸ್ಸು ನೋಯದಿರಲಿ ಎಂದೇ ಅವನಿಗಿತ್ತು. ನಾನು ತಲೆಯಾಡಿಸಿದೆ.

ಮಾಡಿದ್ದು ಎರಡು ಕೆಲಸ. ಒಂದು, ಕ್ವಾಂಟೈಸ್: ಬಾರಿಸಿದ ಪ್ರತಿ ಏಟನ್ನೂ ಕಂಪ್ಯೂಟರ್ ತಾನಾಗಿ ಎಳೆದು ಕ್ಲಿಕ್ಕಿನ ಗೆರೆಗೆ ಸೇರಿಸುತ್ತದೆ. ಎರಡು, ಸ್ಯಾಂಪಲ್: ಅವನ ಏಟಿನ ಸದ್ದನ್ನು ತೆಗೆದು, ಅದೇ ಜಾಗಕ್ಕೆ ಎಲ್ಲೋ ದೊಡ್ಡ ಸ್ಟುಡಿಯೋದಲ್ಲಿ ಯಾರೋ ಬಾರಿಸಿ ಸಂಗ್ರಹಿಸಿಟ್ಟ ಸದ್ದನ್ನು ಕೂರಿಸುವುದು. ಹಾಡು ಹಾಡನ್ನೂ ಕೇಳಿ, ಎಲ್ಲಿ ಬೇಕೋ ಅಲ್ಲಷ್ಟೇ ಮಾಡಬೇಕಾದ ಕೆಲಸವಿದು. ನಾನು ಏಳು ಹಾಡಿನ ಡ್ರಮ್ಸನ್ನೂ ಒಟ್ಟಿಗೆ ಗುರುತು ಹಾಕಿ, ಉಳಿದ ವಾದ್ಯ, ದನಿಗಳೂ ಅದರ ಜೊತೆಗೇ ಸರಿಯುವಂತೆ ಮಾಡಿ ಗುಂಡಿ ಒತ್ತಿದೆ. ಊಟ ಮಾಡಿ ಬಂದು ಕೂತವನು ಮಧ್ಯಾಹ್ನದ ಕಾಫಿಯ ಹೊತ್ತಿಗೆ ಮುಗಿಸಿದ್ದೆ. ಅನುಪಮಾ ಮೇಡಂ ಬಂದು ಕೇಳಿದಾಗ, “ಯಾಕೋ ಬೇರೆ ಥರ ಕೇಳ್ತಿದೆ ಸರ್,” ಎಂದರು. “ಮಿಕ್ಸಿಂಗ್ ಆದ ಮೇಲೆ ಹಾಗೇ ಮೇಡಂ,” ಎಂದೆ. ಸಿದ್ದರಾಜುಗೆ ಆ ವಾರ ರಜೆ ಸಿಗಲಿಲ್ಲ. ಅವನು ತನ್ನ ಆಲ್ಬಮ್ಮನ್ನು ಮೊದಲು ಕೇಳಿದ್ದು ಫೋನಿನಲ್ಲಿ, ಪಂಪ್‌ಶೆಡ್ಡಿನ ಸದ್ದಿನ ನಡುವೆ.

ಸೆಪ್ಟೆಂಬರ್‌ನಲ್ಲಿ ಹಾಡುಗಳನ್ನು ಇಂಟರ್ನೆಟ್ಟಿಗೆ ಏರಿಸಿದರು. ದೊಡ್ಡ ಗದ್ದಲವೇನೂ ಆಗಲಿಲ್ಲ. ಗುರುತಿನವರು ಕೇಳಿದರು, ಕಾಲೇಜು ವಿದ್ಯಾರ್ಥಿಗಳು ಬಸ್ಸಿನ ಹಾಡನ್ನು ಸ್ಟೇಟಸ್‌ಗೆ ಹಾಕಿಕೊಂಡರು. ಊರಿನ ಪತ್ರಿಕೆಯೊಂದರಲ್ಲಿ ಐದು ಸಾಲು ಬಂತು. ಅದರಲ್ಲಿ ಒಂದು ಸಾಲು ಡ್ರಮ್ಸ್ ಬಗ್ಗೆ: ಗಡಿಯಾರದಷ್ಟು ನಿಖರ ಎಂದು. ಹಾಡುಗಳ ಕೆಳಗೆ ಬರೆದವರೂ ಡ್ರಮ್ಸನ್ನೇ ಹೊಗಳಿದರು. ವಿನಯ್ ಅದನ್ನೆಲ್ಲ ನನಗೆ ಕಳಿಸಿದ. ಓದಿ ಫೋನ್ ಮಗುಚಿಟ್ಟೆ.

ನವೆಂಬರ್‌ನಲ್ಲಿ ಚನ್ನರಾಯಪಟ್ಟಣದ ಕಾಲೇಜೊಂದರ ಮೈದಾನದಲ್ಲಿ ಅವರ ಕಾರ್ಯಕ್ರಮವಾಯಿತು. ಬೆಳಗ್ಗೆ ಹನ್ನೊಂದು ಗಂಟೆ, ಶಾಮಿಯಾನದ ಕೆಳಗೆ ಐನೂರು ಮಂದಿ ಇದ್ದಿರಬಹುದು. ಧ್ವನಿವ್ಯವಸ್ಥೆ ನನ್ನದೇ. ಆಲ್ಬಮ್ಮಿನಲ್ಲಿದ್ದ ಕೆಲವು ಕೀಬೋರ್ಡ್ ನಾದಗಳನ್ನು ನಾಲ್ಕೇ ಜನಕ್ಕೆ ವೇದಿಕೆಯ ಮೇಲೆ ನುಡಿಸಲಾಗುವುದಿಲ್ಲ. ಹಾಗಾಗಿ ಅವನ್ನು ಲ್ಯಾಪ್‌ಟಾಪಿನಿಂದ ಬಿಡುವುದು, ಸಿದ್ದರಾಜು ಕಿವಿಯಲ್ಲಿ ಕ್ಲಿಕ್ ಕೇಳಿಕೊಂಡು ಅದಕ್ಕೆ ಹೊಂದಿಸಿ ಬಾರಿಸುವುದು ಎಂದು ವಿನಯ್ ಏರ್ಪಾಡು ಮಾಡಿದ್ದ. ಬೇಡ ಎಂದು ನಾನು ಹೇಳಬಹುದಿತ್ತು. ಹೇಳಬೇಕಾದರೆ ಸಿದ್ದರಾಜುಗೆ ಕಾರಣವನ್ನೂ ಹೇಳಬೇಕಾಗುತ್ತಿತ್ತು.

ಎರಡು ಹಾಡು ಹೇಗೋ ದಾಟಿದವು. ಮೂರನೆಯದರ ಪಲ್ಲವಿಯಲ್ಲಿ ಲ್ಯಾಪ್‌ಟಾಪ್ ಒಂದು ಕಡೆ, ಡ್ರಮ್ಸ್ ಒಂದು ಕಡೆ ಆಯಿತು. ವಿನಯ್ ಕೈ ಎತ್ತಿ ನಿಲ್ಲಿಸಿದ. ಮತ್ತೆ ಶುರು ಮಾಡಿದರು, ಅದೇ ಜಾಗದಲ್ಲಿ ಮತ್ತೆ ಬಿಟ್ಟುಹೋಯಿತು. ಹಿಂದಿನ ಸಾಲಿನಿಂದ ಯಾರೋ, “ಪೆನ್‌ಡ್ರೈವ್ ಆಕ್ಬುಡ್ರೋ, ಅದ್ರಲ್ಲಿ ಚೆನ್ನಾಗೈತೆ!” ಎಂದು ಕೂಗಿದರು. ಮೈದಾನವೆಲ್ಲ ನಕ್ಕಿತು. ಸಿದ್ದರಾಜು ಎದ್ದು ಬಂದು ವಿನಯ್ ಮುಂದಿನ ಮೈಕು ತೆಗೆದುಕೊಂಡ.

“ನಂದೇ ತಪ್ಪು. ಅಭ್ಯಾಸ ಸಾಲ್ದು. ಕ್ಷಮ್ಸಿ.”

ವಿನಯ್ ಗಿಟಾರಿನ ತಂತಿ ನೋಡುತ್ತಿದ್ದ. ನಾನು ಮಿಕ್ಸರ್ ಮೇಲೆ ಕೈಯಿಟ್ಟುಕೊಂಡು ಸಿದ್ದರಾಜು ಹಿಡಿದ ಮೈಕಿನ ಸದ್ದು ಸರಿಯಾಗಿದೆಯೇ ಎಂದು ನೋಡುತ್ತಿದ್ದೆ. ಆ ದಿನದ್ದನ್ನು ನೆನೆಸಿಕೊಂಡರೆ ನನಗೆ ಅದೇ ಹೆಚ್ಚು ಹೇಸಿಗೆಯಾಗುತ್ತದೆ.

ವಾರ ಕಳೆದು ಸಿದ್ದರಾಜು ಬೆಳಗಿನ ಬಸ್ಸಿಗೆ ಅರಕಲಗೂಡಿನಿಂದ ಬಂದ. ನಾನು ಬೀಗ ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ.

“ಸಾ, ಒಂದ್ ಮಾತ್ ಕೇಳ್ತೀನಿ. ಆ ಆಲ್ಬಮ್‌ನಾಗೆ ಡ್ರಮ್ಸು ಬಾರ್ಸಿರದು ಯಾರು?”

ಸುಳ್ಳು ಹೇಳುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. “ಬಾರಿಸಿದ್ದು ನೀನೇ. ಆದರೆ ಕಂಪ್ಯೂಟರಿನಲ್ಲಿ ಎಲ್ಲ ಬದಲಾಯಿಸಿದ್ದೇನೆ. ನಿನಗೆ ಯಾರು ಹೇಳಿದರು?”

“ಅನುಪಮಾ ಮೇಡಮ್ಮು, ಒಂದ್ಸಲ ಸ್ಟುಡಿಯೋದೋರ್ನೇ ಕೇಳಿ ಅಂದ್ರು. ಎಲ್ಡ್ ತಿಂಗ್ಳು ಸಾ, ದಿನಾ ಕೆಲ್ಸುಕ್ ಓಗಕ್ ಮುಂಚೆ ಆ ಹಾಡ್ ಆಕ್ಕಂಡು ಜೊತೇಲಿ ಬಾರ್ಸ್ತಿದ್ದೆ. ಒಂದಿನಾನೂ ಸಿಗ್ನಿಲ್ಲ. ನನ್ ಕೈಯಿ ಬಾರ್ಸಿದ್ದು ನನ್ ಕೈಗೇ ಯಾಕ್ ಸಿಗಾಕಿಲ್ಲ, ನನ್ಗೇನೋ ಆಗ್ಬುಟ್ಟೈತೆ ಅಂದ್ಕಂಡೆ. ಡಾಕ್ಟ್ರುತಾವ್ಲೂ ಓಗ್ಬಂದೆ, ಕೈ ನರ ಗಿರ ಏನಾರ ಅಂತ.”

ತನ್ನ ಅಂಗೈ ನೋಡಿಕೊಂಡು, “ಅಪ್ಪುಂಗ್ ಕೇಳುಸ್ದಾಗ, ‘ಇದ್ರಾಗೆ ನೀನೆಲ್ಲಿ ಬಾರ್ಸಿದೀಯಾ’ ಅಂದ್ರು. ವಯ್ಸಾಯ್ತು, ಕಿವಿ ಮಂದ ಆಗೈತೆ ಅಂದ್ಕಂಡಿದ್ದೆ,” ಎಂದ.

ಮೂಲ ರೆಕಾರ್ಡಿಂಗ್ ನನ್ನ ಬಳಿ ಹಾಗೇ ಇತ್ತು. ತೆಗೆದು, ಒಂದೊಂದು ಹಾಡನ್ನೂ ಎರಡು ಬಾರಿ ಹಾಕಿದೆ: ಅವನು ಬಾರಿಸಿದ್ದು, ನಾನು ತಿದ್ದಿದ್ದು. ಎರಡು ಹಾಡಿನಲ್ಲಿ ಅವನು ನಿಜಕ್ಕೂ ದಾರಿ ತಪ್ಪಿದ್ದ. ಅವನೇ ಕೇಳಿ, “ಥೂ, ಇದು ಕೆಟ್ಟೋಗೈತೆ,” ಎಂದ. ಮೂರರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇನ್ನೆರಡರಲ್ಲಿ, ಬಸ್ಸಿನ ಹಾಡೂ ಅದರಲ್ಲಿ ಒಂದು, ಅವನದೇ ಚೆನ್ನಾಗಿತ್ತು. ಪಲ್ಲವಿಗೆ ಬರುವಾಗ ಅವನು ಮುಂದಕ್ಕೆ ನುಗ್ಗುತ್ತಿದ್ದ, ಉಳಿದ ಮೂವರೂ ಅವನ ಹಿಂದೆ ನುಗ್ಗುತ್ತಿದ್ದರು, ಬಸ್ಸು ಕೊನೆಗೂ ಬಂದ ಹಾಗೆ. ನಾನು ತಿದ್ದಿದ್ದರಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಜೂನ್‌ನಿಂದ ಅಂದಿನವರೆಗೆ ಒಮ್ಮೆಯೂ ನಾನು ಅದನ್ನು ಕೂತು ಕೇಳಿಸಿಕೊಂಡಿರಲಿಲ್ಲ.

“ಎಲ್ಡ್ ಕೆಟ್ಟಿದ್ರೆ ಎಲ್ಡೇ ಸರಿ ಮಾಡ್ಬೋದಿತ್ತಲ್ಲ ಸಾ. ಇಲ್ದಿದ್ರೆ ನನ್ಗೇ ಏಳ್ಬೋದಿತ್ತು, ಇನ್ನೊಂದ್ಕಿತ ಬಾರ್ಸ್ತಿದ್ದೆ. ಯಾಕ್ ಏಳ್ನಿಲ್ಲ?”

“ಸುಸ್ತಾಗಿತ್ತು ಕಣಪ್ಪ,” ಎಂದೆ. ಬೇರೆ ಕಾರಣ ಇರಲಿಲ್ಲ.

ಅವನು ಬೈಯಲಿಲ್ಲ. ತನ್ನದೇ ಚೆನ್ನಾಗಿದ್ದ ಎರಡು ಹಾಡನ್ನು ಇನ್ನೊಂದು ಬಾರಿ ಹಾಕಿಸಿಕೊಂಡು ಕೇಳಿ, ಮಧ್ಯಾಹ್ನದ ಪಾಳಿಗೆ ಹೋಗಬೇಕೆಂದು ಎದ್ದ.

ಆ ಸಂಜೆಯೇ ವಿನಯ್‌ಗೆ ಫೋನ್ ಮಾಡಿದೆ. ಐದು ಹಾಡಿಗೆ ಮೂಲ ಡ್ರಮ್ಸನ್ನೇ ಇಟ್ಟು ಮತ್ತೆ ಮಿಕ್ಸ್ ಮಾಡಿಕೊಡುತ್ತೇನೆ ಎಂದೆ. “ಜನ ಮೆಚ್ಚಿರದನ್ನ ಯಾಕೆ ಸರ್ ಬದ್ಲಾಯ್ಸದು?” ಎಂದ. ಮುಂದಿನ ಭಾನುವಾರ ನಾನೇ ಹೊಳೆನರಸೀಪುರದ ಗೋಡೌನಿಗೆ ಹೋದೆ. ಸಿದ್ದರಾಜು ತನ್ನ ಸಿಂಬಲ್‌ಗಳನ್ನು, ಅಂದರೆ ಡ್ರಮ್ಸಿನ ಲೋಹದ ತಟ್ಟೆಗಳನ್ನು, ಬಿಚ್ಚಿ ಚೀಲಕ್ಕೆ ತುಂಬುತ್ತಿದ್ದ. ಅವನ ಎದುರಿಗೇ, ತಿದ್ದಿದವನು ನಾನು, ಮುಚ್ಚಿಟ್ಟವನೂ ನಾನು ಎಂದು ಎಲ್ಲರಿಗೂ ಹೇಳಿ, ಬಸ್ಸಿನ ಹಾಡನ್ನು ಎರಡೂ ಬಗೆಯಲ್ಲಿ ಕೇಳಿಸಿದೆ. ಅನುಪಮಾ ಮೇಡಂ, “ವಿನಯ್, ನಾನು ಬರೆದಿದ್ದು ಸಿದ್ದರಾಜು ಬಾರಿಸಿರೋ ಈ ಹಾಡನ್ನ. ಆ ಇನ್ನೊಂದನ್ನಲ್ಲ,” ಎಂದರು.

ವಿನಯ್ ನನ್ನ ಕಡೆ ನೋಡಿ, “ಹೇಳ್ಬೇಡಿ ಅಂದಿದ್ದು ನಾನು ಸರ್,” ಎಂದ. ಆಮೇಲೆ ಸಿದ್ದರಾಜು ಹತ್ತಿರ ಹೋಗಿ, “ಸ್ಟೇಜ್ ಮೇಲೆ ನೀನು ತಪ್ಪು ಒಪ್ಕೊಂಡಾಗ ನಾನು ಬಾಯ್ ಬಿಡ್ಬೇಕಿತ್ತು ಕಣ್ಲಾ,” ಎಂದ. ಸಿದ್ದರಾಜು ಚೀಲದ ಜಿಪ್ ಎಳೆಯುತ್ತಲೇ, “ಬುಡ್ಬೇಕಿತ್ತು,” ಎಂದನಷ್ಟೆ. ಸಿಂಬಲ್ ಮನೆಗೆ ಒಯ್ದ. ಮೂರು ಭಾನುವಾರ ಬರಲಿಲ್ಲ. ನಾಲ್ಕನೆಯ ವಾರ ಬಂದನಂತೆ.

ಕೊನೆಗೆ ಬ್ಯಾಂಡಿನವರು ಒಪ್ಪಿದಂತೆ, ಸಿದ್ದರಾಜುವಿನದೇ ಚೆನ್ನಾಗಿದ್ದ ಆ ಎರಡು ಹಾಡನ್ನು ಮಾತ್ರ ಮೂಲದಂತೆ ಮಾಡಿ ಸಂಕ್ರಾಂತಿ ಹೊತ್ತಿಗೆ ಮತ್ತೆ ಏರಿಸಿದರು. ಸತ್ಯ ಗೆದ್ದಿತು, ಜನ ಕೊಂಡಾಡಿದರು ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಬಹುತೇಕರು ಗಮನಿಸಲೇ ಇಲ್ಲ. ಬಸ್ಸಿನ ಹಾಡಿನ ಕೆಳಗೆ ಒಬ್ಬರು, ‘ಮೊದಲಿನದೇ ಚೆನ್ನಾಗಿತ್ತು, ಇದರಲ್ಲಿ ಡ್ರಮ್ಸ್‌ಗೆ ಅವಸರ’ ಎಂದು ಬರೆದರು. ನನಗೆ ಕಸಿವಿಸಿಯಾಗಿ ಸಿದ್ದರಾಜುಗೆ ಫೋನ್ ಮಾಡಿದೆ. ಅವನು ಆಗಲೇ ಓದಿದ್ದ. ಹಿಂದೆ ಪಂಪು ಓಡುತ್ತಿದ್ದ ಸದ್ದು ಕೇಳುತ್ತಿತ್ತು.

“ಇರ್ಲಿ ಬುಡಿ ಸಾ,” ಎಂದು ನಕ್ಕ. “ಈ ಸಲ ಬೈದಿರದು ನನ್ನೇ ಅಲ್ವಾ.”

ಅದಾದ ಮೇಲೆ ಎರಡು ವರ್ಷ ಸ್ಟುಡಿಯೋ ನಡೆಸಿ ಬಾಗಿಲು ಹಾಕಿದೆ. ತಿದ್ದುವುದು ನನ್ನ ಕೆಲಸದ ಭಾಗ, ಅದನ್ನು ಬಿಡಲಾಗುತ್ತಿರಲಿಲ್ಲ. ಆದರೆ ಭಜನೆಯವರಿರಲಿ, ಬ್ಯಾಂಡಿನವರಿರಲಿ, ಕಳಿಸುವ ಮೊದಲು ಹಾಡಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀವು ಹಾಡಿದ್ದು ಇದು, ನಾನು ಮಾಡಿದ್ದು ಇದು ಎಂದು ಎರಡನ್ನೂ ಕೇಳಿಸುತ್ತಿದ್ದೆ. ಕೆಲವರು ಮುನಿಸಿಕೊಂಡರು. ಒಬ್ಬರು ಅರ್ಧಕ್ಕೇ ಎದ್ದು ಹೋದರು. ಕೆಲಸ ಮುಗಿಯಲು ಹಿಡಿಯುತ್ತಿದ್ದ ಕಾಲವೂ ಹೆಚ್ಚಾಯಿತು, ಸುಸ್ತೂ ಹೆಚ್ಚಾಯಿತು. ಇನ್ನೊಬ್ಬರ ಕೈಕೆಲಸ ನಮ್ಮ ಮೇಜಿಗೆ ಬಂದ ಮೇಲೆ ನಮ್ಮ ಆಯಾಸದ ಲೆಕ್ಕವನ್ನು ಅವರ ತಲೆಗೆ ಕಟ್ಟಬಾರದು. ಈ ವೃತ್ತಿಯಿಂದ ನಾನು ಕಲಿತದ್ದು ಇಷ್ಟು, ಅದನ್ನೂ ತಡವಾಗಿ.