ಅಕ್ಕನ ಪಾದ, ತಮ್ಮನ ಹೆಬ್ಬೆಟ್ಟು

ನೆಲಹಾಸುಗಳ ಅಂಗಡಿಯ ಕಾರ್ಪೆಟ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಎಲ್ಲರಿಗೂ ಅವನು ಹೆಬ್ಬೆಟ್ಟಣ್ಣ. ಹೊಸ ಮಾಲು ಬಂದರೆ ಕಣ್ಣು ಮುಚ್ಚಿ ಅದರೊಳಗೆ ಹೆಬ್ಬೆಟ್ಟು ಒತ್ತುತ್ತಿದ್ದ. ಉಗುರು ಮುಳುಗಿದರೆ ಸುಮಾರು, ಗೆಣ್ಣು ಮುಳುಗಿದರೆ ಉತ್ತಮ, ಬೆರಳೇ ಕಾಣದಾದರೆ ಅದು ಮನೆಯವರಿಗೆ ಮಾತ್ರ ಕೊಡುವಂಥದ್ದು. ಈಗ ಅವನೇ ಹೇಳಿಕೊಳ್ಳುವಂತೆ, ಆ ಕಾಲದಲ್ಲಿ ಅವನ ಬುದ್ಧಿಯೆಲ್ಲ ಇಳಿದು ಹೆಬ್ಬೆಟ್ಟಿಗೆ ಬಂದು ಸೇರಿತ್ತು. ತಲೆ ಬರೀ ಕೂದಲು ಉದುರಿಸುವ ಕೆಲಸದಲ್ಲಿತ್ತು.

ಮನೆಯವರು ಎಂದರೆ ಅವನಿಗೆ ಮೊದಲು ಅಕ್ಕ. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಎತ್ತಿ ಆಡಿಸಿದವಳು. ಬೇಸಗೆಯಲ್ಲೂ ಅವಳ ಪಾದ ಮಂಜಿನ ಗಡ್ಡೆ. ಚಿಕ್ಕಂದಿನಲ್ಲಿ ಅವನು ಬಗ್ಗಿ ಆಡುತ್ತಿದ್ದರೆ ಹಿಂದಿನಿಂದ ಬಂದು ಅಂಗಿ ಎತ್ತಿ ಬೆನ್ನಿಗೆ ಪಾದ ಇಡುತ್ತಿದ್ದಳು. ಅವನು ಬೀದಿಗೆ ಕೇಳುವಂತೆ ಕಿರುಚುತ್ತಿದ್ದ.

ವಯಸ್ಸಾದಂತೆ ಅವಳ ಕಾಲಿನ ಥಂಡಿ ಮಂಡಿಗೂ ಏರಿತು. ಭಾವ ಮನಸ್ಸು ಮಾಡಿ ನಡುಮನೆಯ ನೆಲ ಕೀಳಿಸಿದರು. ಹಾವಿನಂತೆ ಸುತ್ತಿದ ಬಿಸಿನೀರಿನ ಪೈಪು ಹಾಸಿ, ಮೇಲೆ ಸಿಮೆಂಟು ಎಳೆಸಿದರು. ಅದರ ಮೇಲೆ ಏನು ಹಾಕುವುದು ಎಂಬ ಪ್ರಶ್ನೆ ಬಂದಾಗ ಹೆಬ್ಬೆಟ್ಟಣ್ಣ ಬೇರೆಯವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ಟೈಲ್ಸ್ ಹಾಕಿದರೆ ಕಾವು ಬೇಗ ಮೇಲೆ ಬರುತ್ತದೆ ಎಂದು ಪೈಪು ಜೋಡಿಸಿದ ಮೆಕ್ಯಾನಿಕ್ ಒಂದು ಮಾತು ಹೇಳಿ ನೋಡಿದ. ತಾನಿದ್ದೂ ಒಡಹುಟ್ಟಿದವಳನ್ನು ಕಲ್ಲಿನಂಥ ನೆಲದ ಮೇಲೆ ನಡೆಸುವುದೇ? ಬೆರಳೇ ಕಾಣದಂಥ ಕಾರ್ಪೆಟ್ ಬಂತು. ಅದರ ಕೆಳಗೆ ಫೆಲ್ಟ್ ಎಂಬ ದಪ್ಪ ಮೆತ್ತೆ ಬಂತು, ಅಕ್ಕ ಎಂಬ ಕಾರಣಕ್ಕೆ ಎರಡು ಪದರ. ಕೆಳಗೆ ಬಿಸಿ, ಮೇಲೆ ಉಣ್ಣೆ, ಎರಡೂ ಕೂಡಿದರೆ ದುಪ್ಪಟ್ಟು ಬೆಚ್ಚಗೆ ಎಂಬುದು ಅವನ ಲೆಕ್ಕ.

ಚಳಿಗಾಲ ಬಂದರೂ ನಡುಮನೆ ಬೆಚ್ಚಗಾಗಲಿಲ್ಲ. ಭಾವ ಕಾವು ಏರಿಸುವ ಗುಂಡಿ ತಿರುಗಿಸಿ ತಿರುಗಿಸಿ ಕೊನೆಯ ಅಂಕೆಗೆ ತಂದು ನಿಲ್ಲಿಸಿದರು. ಹೆಬ್ಬೆಟ್ಟಣ್ಣ ಮೆಕ್ಯಾನಿಕ್‌ನನ್ನು ಮೂರು ಸಲ ಕರೆಸಿ ಮೂರು ಸಲವೂ ಬೈದ. ಕೊನೆಯ ಸಲ ಆತ ಸಲಕರಣೆಯ ಚೀಲ ಮುಚ್ಚುತ್ತಾ ಹೇಳಿದ.

"ಸರ್, ಪೈಪಲ್ಲಿ ಬಿಸಿ ಇದೆ. ಅದಕ್ಕೆ ನೀವು ಹೊದಿಕೆ ಹೊದಿಸಿ ಮಲಗಿಸಿದ್ದೀರಿ."

"ನಿನ್ನ ಪೈಪು ನೀನು ನೋಡ್ಕೊ. ಕಾರ್ಪೆಟ್ ವಿಷಯ ನನಗೆ ಬಿಡು."

ಅಲ್ಲಿಂದ ಮುಂದೆ ದೂರು ನಿಂತಿತು. ಫೋನು ಮಾಡಿದಾಗಲೆಲ್ಲ ಅಕ್ಕ, ಮೋಡದ ಮೇಲೆ ನಡೆದ ಹಾಗಿದೆ ಎನ್ನುತ್ತಿದ್ದಳು. ಹೋಗಿ ನೋಡಿದರೆ ಎರಡು ಜೊತೆ ಕಾಲುಚೀಲ ಹಾಕಿರುತ್ತಿದ್ದಳು. ಕೇಳಿದರೆ ಅಭ್ಯಾಸ ಎಂದು ನಗುತ್ತಿದ್ದಳು. ಹೀಗೆ ಮೂರು ಚಳಿಗಾಲ ಕಳೆದವು. ಅಂಗಡಿಯಲ್ಲಿ ಅವನು ಗಿರಾಕಿಗಳಿಗೆ ಅಕ್ಕನ ಮನೆಯನ್ನೇ ಉದಾಹರಣೆ ಕೊಡುತ್ತಿದ್ದ.

ಒಂದು ಮಧ್ಯಾಹ್ನ ಅದೇ ಬೀದಿಯ ಇನ್ನೊಂದು ಮನೆಯ ನೆಲ ಅಳೆಯಲು ಬಂದವನು ಫೋನು ಮಾಡದೆ ಅಕ್ಕನ ಮನೆಯ ಬಾಗಿಲು ತಟ್ಟಿದ. ಭಾವ ತೆರೆದರು, ಆದರೆ ದಾರಿ ಬಿಡಲಿಲ್ಲ. ಹವೆ ಹೇಗಿದೆ, ಬಸ್ಸು ಸಿಕ್ಕಿತೇ ಎಂದು ಹೊಸ್ತಿಲಲ್ಲೇ ವಿಚಾರಿಸತೊಡಗಿದರು. ಅವರ ಹೆಗಲ ಮೇಲಿಂದ ಹೆಬ್ಬೆಟ್ಟಣ್ಣ ಒಳಗೆ ಇಣುಕಿದ.

ಕಾರ್ಪೆಟ್ ಸುರುಳಿಯಾಗಿ, ಭಾವನ ಹಳೆಯ ಪೈಜಾಮದ ಲಾಡಿಯಲ್ಲಿ ಬಿಗಿಸಿಕೊಂಡು ಗೋಡೆಗೆ ಒರಗಿ ನಿಂತಿತ್ತು. ಬರೀ ಸಿಮೆಂಟಿನ ನಟ್ಟನಡುವೆ ಅಕ್ಕ ಬರಿಗಾಲು ಚಾಚಿ ಕೂತು ಬಟಾಣಿ ಬಿಡಿಸುತ್ತಿದ್ದಳು. ತಮ್ಮನನ್ನು ಕಂಡದ್ದೇ ಕಾಲು ಮಡಚಿ ಬಟ್ಟೆಯೊಳಗೆ ಸೇರಿಸಿಕೊಂಡಳು, ಕದ್ದ ಮಾಲಿನಂತೆ.

"ಇದು ಯಾವಾಗಿಂದ?" ಎಂದ ಅವನು.

ಅಕ್ಕ ಬಟಾಣಿಯನ್ನೇ ನೋಡಿದಳು. ಭಾವ ಗಂಟಲು ಸರಿಮಾಡಿಕೊಂಡರು. "ನಿನ್ನ ಫೋನು ಬಂದ ತಕ್ಷಣ ಹಾಸೋದು, ನೀನು ಹೋದ ಮೇಲೆ ಸುತ್ತೋದು. ನನ್ನ ಸೊಂಟ ಹಿಡಿದದ್ದು ವಯಸ್ಸಿಗೆ ಅಂದ್ಕೊಂಡಿದ್ಯಾ?"

"ಒಂದು ಮಾತು ಹೇಳಬಾರದಿತ್ತಾ ಅಕ್ಕ?"

"ಹೇಗೆ ಹೇಳ್ಲೋ? ನೀನು ಅಷ್ಟು ಪ್ರೀತಿಯಿಂದ ಹಾಸಿದ್ದೆ. ಊರಲ್ಲೆಲ್ಲ ನಿನ್ನನ್ನೇ ಕೇಳ್ತಾರೆ. ಅಕ್ಕನ ಮನೇಲೇ ನೀನು ಸೋತೆ ಅಂತ ನಾನೇ ಹೇಳಲಾ?"

ಹೆಬ್ಬೆಟ್ಟಣ್ಣ ಷೂ ಬಿಚ್ಚಿದ, ಕಾಲುಚೀಲ ಬಿಚ್ಚಿದ. ಇಪ್ಪತ್ತಾರು ವರ್ಷದಲ್ಲಿ ನೆಲವನ್ನು ಕಾಲಿನಿಂದ ಕೇಳಿದ್ದು ಅದೇ ಮೊದಲು. ಸಿಮೆಂಟಿನ ಕಾವು ಮೆಲ್ಲಗೆ ಹಿಮ್ಮಡಿಗೆ ಏರಿತು. ಬೆಚ್ಚಗಾದದ್ದು ಪಾದ, ಕೆಂಪಗಾದದ್ದು ಮುಖ.

ಆ ಭಾನುವಾರ ಅವನು ಅಂಗಡಿಯಿಂದ ಟೈಲ್ಸಿನ ಬಿಲ್ಲೆ, ಮರದ ಪಟ್ಟಿ, ಪ್ಲಾಸ್ಟಿಕ್ಕಿನಂಥ ವಿನೈಲ್ ಹಾಸಿನ ತುಂಡು, ತೆಳು ಕಾರ್ಪೆಟ್ಟಿನ ಚೂರು ಹೊತ್ತು ತಂದು ಸಿಮೆಂಟಿನ ಮೇಲೆ ಸಾಲಾಗಿ ಇಟ್ಟ. ಮೆಕ್ಯಾನಿಕ್‌ನ ಮನೆಗೆ ತಾನೇ ಹೋಗಿ, ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡು, ಅವನನ್ನೂ ಕರೆತಂದಿದ್ದ. ಒಂದು ಗಂಟೆ ಕಾದ ಮೇಲೆ ಅಕ್ಕ ಒಂದೊಂದರ ಮೇಲೂ ಪಾದವಿಟ್ಟಳು. ಮರ ಒಳ್ಳೆಯದೇ, ಆದರೆ ಸ್ವಲ್ಪ ಸೋಮಾರಿ ಎಂದಳು. ವಿನೈಲ್ ಬೆಚ್ಚಗಿದ್ದರೂ ಕಾಲಿಗೆ ಅಂಟಿದಂತಾಯಿತು. ತೆಳು ಕಾರ್ಪೆಟ್ಟನ್ನು ತಮ್ಮನ ಮುಖ ನೋಡಿ ಹೊಗಳಲು ಹೊರಟವಳನ್ನು ಅವನೇ ತಡೆದ. ಟೈಲ್ಸಿನ ಮೇಲೆ ನಿಂತವಳು ಇಳಿಯಲೇ ಇಲ್ಲ. ಮೆಕ್ಯಾನಿಕ್ ಕಿಟಕಿಯಾಚೆ ನೋಡುತ್ತಾ ನಿಂತಿದ್ದ. ಅಷ್ಟು ಮರ್ಯಾದೆ ಅವನಿಗೂ ಗೊತ್ತಿತ್ತು.

ಟೈಲ್ಸ್ ಬಂತು. ಅಂಟು ಒಣಗಲು ವಾರಗಟ್ಟಲೆ ಕಾದು, ನೀರನ್ನು ಸ್ವಲ್ಪಸ್ವಲ್ಪವೇ ಬಿಸಿ ಮಾಡಿದರು. ಕಾರ್ಪೆಟ್ ಹೆಬ್ಬೆಟ್ಟಣ್ಣನ ಮನೆ ಸೇರಿತು. ಅಲ್ಲಿ ನೆಲದಡಿ ಪೈಪಿಲ್ಲದ್ದರಿಂದ ಅದರ ಮರ್ಯಾದೆ ಉಳಿಯಿತು. ಈಗ ಅಂಗಡಿಗೆ ಯಾರಾದರೂ ಇಂಥ ನೆಲಕ್ಕೆ ಹಾಸು ಕೇಳಿ ಬಂದರೆ ಅವನು ಮೊದಲು ತನ್ನ ಕಥೆ ಹೇಳುತ್ತಾನೆ, ಆಮೇಲೆ ಅವರ ಷೂ ಬಿಚ್ಚಿಸುತ್ತಾನೆ.

ಮೊನ್ನೆ ಫೋನು ಮಾಡದೆಯೇ ಹೋಗಿದ್ದ. ಮಂಡಿಯೂರಿ ಬಗ್ಗಿ ಟೈಲ್ಸಿನ ಸಂದು ಬಿಟ್ಟಿದೆಯೇ ಎಂದು ತಟ್ಟಿ ನೋಡುತ್ತಿದ್ದಾಗ, ಹಿಂದೆ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ ಅಕ್ಕ ಅವನ ಅಂಗಿ ಎತ್ತಿ ಬೆನ್ನಿಗೆ ಪಾದ ಇಟ್ಟಳು. ಹಳೆಯ ಅಭ್ಯಾಸಕ್ಕೆ ಅವನು ಕಿರುಚಲು ಬಾಯಿ ತೆರೆದ. ಪಾದ ಬೆಚ್ಚಗಿತ್ತು.

ತೆರೆದ ಬಾಯಿ ದಂಡವಾಗದಿರಲೆಂದು ಅಕ್ಕನ ತಟ್ಟೆಯಿಂದ ನಾಲ್ಕು ಬಟಾಣಿ ಎತ್ತಿ ಹಾಕಿಕೊಂಡ.