ತಂಗಿಗೆ ಹಾಕಿದ ಕಪ್ಪು ಫಿಲ್ಟರ್

ನನ್ನ ಹತ್ತಿರ ಇನ್‌ಫ್ರಾರೆಡ್ ಫಿಲ್ಮಿನ ಒಂದೇ ರೋಲ್ ಇತ್ತು. ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವ ಫಿಲ್ಮು. ಅದರಲ್ಲಿ ಬೇವಿನ ಎಲೆ ಬೆಳ್ಳಗಾಗುತ್ತದೆ, ಆಕಾಶ ಕಪ್ಪಾಗುತ್ತದೆ. ಬಸವಕಲ್ಯಾಣದ ನಮ್ಮ ಸ್ಟುಡಿಯೋದಲ್ಲಿ ಎರಡು ಕ್ಯಾಮೆರಾಗಳಿದ್ದವು. ಹೊಸ ಕ್ಯಾಮೆರಾ, ಫಿಲ್ಮ್ ಎಷ್ಟು ಮುಂದೆ ಸರಿಯಿತೆಂದು ಅಳೆಯಲು ಒಳಗೇ ಸಣ್ಣ ದೀಪ ಉರಿಸುತ್ತದೆ. ಅದೂ ಇದೇ ಕಾಣದ ಬೆಳಕು; ರೋಲಿನ ಅಂಚೆಲ್ಲ ಹಾಳು. ಅದಕ್ಕೇ ಅಪ್ಪನ ಕಾಲದ ಲೋಹದ ಕ್ಯಾಮೆರಾ ಆರಿಸಿ, ಕತ್ತಲೆಕೋಣೆಯಲ್ಲಿ ರೋಲ್ ತುಂಬಿದೆ. ಇಂಥದರಲ್ಲಿ ನಾನು ಭಾರಿ ಜಾಣ.

ಫಿಲ್ಟರ್ ಆರಿಸುವಾಗ ಮಾತ್ರ ಕೆಟ್ಟೆ.

ತಂಗಿಯ ಮುಖದ ಮೇಲೆ, ಕೈಗಳ ಮೇಲೆ ಬಿಳಿ ಮಚ್ಚೆಗಳಿವೆ. ಹುಮನಾಬಾದಿನ ಒಂದು ಗಂಡಿನ ಮನೆಗೆ ಕಳಿಸಲು ಅವಳದೊಂದು ಫೋಟೋ ತೆಗೆದುಕೊಡು ಎಂದು ಅವ್ವ ಹೇಳಿದ್ದಳು. ಅಂಗಳದ ಬೇವಿನ ಕೆಳಗೆ ಕೂರಿಸಿ ಮೊದಲು ಕೆಂಪು ಫಿಲ್ಟರ್ ಹಾಕಿ ತೆಗೆದೆ. ಆಮೇಲೆ ಕಾಣುವ ಬೆಳಕನ್ನೆಲ್ಲ ತಡೆಯುವ ಕಪ್ಪು ಫಿಲ್ಟರ್. ಅದನ್ನು ಹಾಕಿದರೆ ಕ್ಯಾಮೆರಾದಲ್ಲಿ ಏನೂ ಕಾಣದು. ಫೋಕಸ್ ಮೊದಲೇ ಮಾಡಿಟ್ಟುಕೊಳ್ಳಬೇಕು. ಬಟನ್ ಒತ್ತುವಾಗ ತಂಗಿ ನನಗೆ ಕಾಣುತ್ತಲೇ ಇರಲಿಲ್ಲ.

ರೋಲ್ ತೊಳೆದು ಪ್ರಿಂಟ್ ಹಾಕಿದಾಗ ಕೆಂಪಿನದರಲ್ಲಿ ಮಚ್ಚೆ ಮಸುಕಾಗಿ ಉಳಿದಿತ್ತು. ಕಪ್ಪಿನದರಲ್ಲಿ ಒಂದೂ ಇಲ್ಲ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅವಳಿಗೆ ತೋರಿಸದೆ ಅದನ್ನೇ ಅವ್ವನ ಕೈಗಿಟ್ಟೆ. ನಾಲ್ಕೇ ದಿನಕ್ಕೆ ಹುಮನಾಬಾದಿನಿಂದ ಫೋನ್ ಬಂತು: ಹುಡುಗಿ ಮನಸ್ಸಿಗೆ ಬಂದಿದ್ದಾಳೆ.

ಸ್ಟುಡಿಯೋದಲ್ಲಿ ಉಳಿದಿದ್ದ ಪ್ರತಿಗಳನ್ನು ತಂಗಿ ಅಂದೇ ನೋಡಿದಳು. ಎರಡನ್ನೂ ನನ್ನ ಮುಂದಿಟ್ಟಳು.

“ಅಣ್ಣಾ, ಇದರಾಗ ನಾ ಎಲ್ಲದೀನಿ?”

“ಆ ಫಿಲ್ಮೇ ಹಂಗ ಬರ್ತದ, ತಂಗೀ.”

“ಫಿಲ್ಮ್ ಎರಡಕ್ಕೂ ಒಂದೇ ಅದ. ಇದನ್ನ ಆರಿಸಿದವರ್ಯಾರು?”

ಕಪ್ಪಿನ ಪ್ರತಿಯನ್ನು ನನ್ನತ್ತ ತಳ್ಳಿದಳು. “ಕಳಿಸಿದ್ದನ್ನ ಹೋಗಿ ತಗೊಂಡ್ ಬಾ,” ಎಂದಳು.

ಮರುದಿನ ಹುಮನಾಬಾದಿಗೆ ಹೋದೆ. ಹುಡುಗನ ತಾಯಿ ಚಹಾ ಕೊಟ್ಟು, ಫೋಟೋ ತಂದು ಮುಂದಿಟ್ಟರು. “ಭಾಳ ಚಂದ ಅದಾಳ್ರಿ. ವಾಪಸ್ ಯಾಕ ಕೇಳಾಕತ್ತೀರಿ?”

“ಆಕೀಗಿ ತೊನ್ನು ಅದರಿ. ಫೋಟೋದಾಗ ಮುಚ್ಚಿದವ ನಾನು. ಆಕೀಗಿ ಗೊತ್ತಿದ್ದಿಲ್ಲ.”

ನಮ್ಮ ಮನೆಯಲ್ಲಿ ಯಾರೂ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದಿಲ್ಲ. ಮೊದಲ ಸಲ ಹೇಳಿದ್ದು ಪರರ ಮನೆಯಲ್ಲಿ. ಆ ತಾಯಿ ಎದ್ದು ಒಳಗೆ ಹೋದವರು ಹೊರಗೆ ಬರಲಿಲ್ಲ. ಚಹಾ ಹಾಗೇ ಬಿಟ್ಟು, ಫೋಟೋ ತೆಗೆದುಕೊಂಡು ಬಸ್ ಹಿಡಿದೆ.

ತಂಗಿ ಬಾಗಿಲಲ್ಲೇ ನಿಂತಿದ್ದಳು. ಅವರು ಏನಂದರು ಎಂದು ಕೇಳಲಿಲ್ಲ.

“ನೀ ಏನಂದಿ?” ಎಂದಳು.

ಹೇಳಿದೆ. ಅವಳು ನನ್ನ ಕೈಯಿಂದ ಫೋಟೋ ತೆಗೆದುಕೊಂಡು, ಬಾಗಿಲಿನಿಂದ ಸರಿದು ನನಗೆ ದಾರಿ ಬಿಟ್ಟಳು. ನನಗೆ ತಲೆ ಎತ್ತಲಾಗಲಿಲ್ಲ.